ಇಷ್ಟು ವರ್ಷ ಆಗಿಬಂದ ಸಿಗಡಿ ಈಗ ಯಾಕೆ ಆಗಿಬರುತ್ತಿಲ್ಲ?

ಪ್ರಶ್ನೆ: ನಮ್ಮ ಮಗನಿಗೆ 10 ವರ್ಷ, ತೂಕ 26 ಕಿಲೋ. ಊರು ಕುಂದಾಪುರದ ಕಡೆ, ಈಗ ಇರುವುದು ಬೆಂಗಳೂರಿನಲ್ಲಿ. ವರ್ಷ ತುಂಬಿದಾಗಿನಿಂದಲೂ ಅವನಿಗೆ ಮೀನು, ಚಟ್ಲಿ ಅಂದರೆ ಸಿಗಡಿ, ಎಲ್ಲ ಅಭ್ಯಾಸ. ನಾಲ್ಕು ವರ್ಷದಿಂದ ಬೆಳಿಗ್ಗೆ ಎದ್ದ ಕೂಡಲೇ ಸಾಲುಸಾಲು ಸೀನು, ಮೂಗು ಕಟ್ಟುವುದು ಇದೆ. ಈ ಮೇ ತಿಂಗಳಲ್ಲಿ ಅಜ್ಜಿ ಮನೆಯಲ್ಲಿ ಮಧ್ಯಾಹ್ನ ಚಟ್ಲಿ ಸುಕ್ಕ ಉಂಡವನೇ ಗದ್ದೆಯಲ್ಲಿ ಕ್ರಿಕೆಟ್ ಆಡಲು ಓಡಿದ. ಅರ್ಧ ಗಂಟೆಯಲ್ಲಿ ಮೈಯೆಲ್ಲ ದದ್ದು, ತುಟಿ ಊದಿತು, ದನಿ ಗೊಗ್ಗರಾಯಿತು, ಎರಡು ಸಲ ವಾಂತಿ. ಹತ್ತಿರದ ಕ್ಲಿನಿಕ್ಕಿನಲ್ಲಿ ಫೆನಿರಮಿನ್, ಹೈಡ್ರೋಕಾರ್ಟಿಸೋನ್ ಎಂದು ಎರಡು ಇಂಜೆಕ್ಷನ್ ಕೊಟ್ಟರು. ಸಂಜೆಗೆ ಸರಿಹೋದ. ಆಮೇಲೆ ಬಂಗುಡೆ, ಅಂಜಲ್ ತಿಂದಿದ್ದಾನೆ, ಏನೂ ಆಗಿಲ್ಲ. ರಕ್ತ ಪರೀಕ್ಷೆಯಲ್ಲಿ ಒಟ್ಟು ಐಜಿಇ 840, ಧೂಳು ನುಸಿಗೆ 62, ಸಿಗಡಿಗೆ 4.8 ಬಂದಿದೆ. ಮಾವ ಇದು ನಂಜು, ರಕ್ತ ಕೆಟ್ಟಿದೆ ಎನ್ನುತ್ತಾರೆ. ಪಕ್ಕದ ಮನೆಯವರು ಇಮ್ಯುನಿಟಿ ಕಡಿಮೆ ಎನ್ನುತ್ತಾರೆ. ನಾದಿನಿ ದಿನಾ ಒಂದೊಂದು ಚೂರು ಕೊಟ್ಟು ಅಭ್ಯಾಸ ಮಾಡಿಸು ಎನ್ನುತ್ತಾಳೆ. ಒಂಬತ್ತು ವರ್ಷ ಆಗಿಬಂದದ್ದು ಈಗ ಯಾಕೆ ಹೀಗೆ? ಇದು ಹೋಗುತ್ತದೆಯೇ? ಎಂಟು ತಿಂಗಳ ಮಗಳೂ ಇದ್ದಾಳೆ, ಅವಳಿಗೆ ಕೆನ್ನೆ ಮೇಲೆ, ಮೊಣಕೈ ಮಡಿಕೆಯಲ್ಲಿ ಇಸುಬು ಇದೆ. ಅವಳಿಗೆ ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದ ಎಲ್ಲ ಪ್ರಶ್ನೆಗಳ ಹಿಂದೆ ಇರುವ ದಿಗಿಲು ಒಂದೇ. ನಿನ್ನೆಯವರೆಗೆ ಊಟವಾಗಿದ್ದದ್ದು ಇವತ್ತು ಜೀವಕ್ಕೆ ಎರವಾಗುವುದಾದರೆ, ನಾಳೆ ಇನ್ನೇನು ಕಾದಿದೆಯೋ ಎಂಬ ಭಯ. ದೇಹದೊಳಗೆ ಏನಾಯಿತೆಂದು ತಿಳಿದರೆ ಈ ಭಯ ತಕ್ಕಮಟ್ಟಿಗೆ ಕಡಿಮೆಯಾಗುತ್ತದೆ. ಅದನ್ನು ನಿಧಾನವಾಗಿಯೇ ವಿವರಿಸುತ್ತೇನೆ. ಅದಕ್ಕೂ ಮೊದಲು ಒಂದು ತುರ್ತಿನ ಮಾತು ಹೇಳಬೇಕು.

ಅವತ್ತು ಆಗಿದ್ದು ಬರೀ ಪಿತ್ತಗಂಧೆಯಲ್ಲ. ಚರ್ಮ, ಗಂಟಲು, ಹೊಟ್ಟೆ ಮೂರೂ ಒಟ್ಟಿಗೆ ಕೆರಳಿದ್ದವು. ಇದಕ್ಕೆ ಅನಾಫಿಲ್ಯಾಕ್ಸಿಸ್ ಎನ್ನುತ್ತಾರೆ. ಇದರ ಮೊದಲ ಔಷಧಿ ಅಡ್ರಿನಲಿನ್, ಅದನ್ನು ತೊಡೆಯ ಸ್ನಾಯುವಿಗೇ ಚುಚ್ಚಬೇಕು. ಅವನಿಗೆ ಕೊಟ್ಟ ಎರಡು ಇಂಜೆಕ್ಷನ್‌ಗಳು ತುರಿಕೆಯನ್ನು ಇಳಿಸುತ್ತವೆ, ಗಂಟಲು ಕಟ್ಟುವುದನ್ನಾಗಲಿ ರಕ್ತದೊತ್ತಡ ಕುಸಿಯುವುದನ್ನಾಗಲಿ ಸಮಯಕ್ಕೆ ತಡೆಯಲಾರವು. ಸಂಜೆಗೆ ಸರಿಹೋದ ಎಂದಮಾತ್ರಕ್ಕೆ ಮುಂದಿನ ಸಲವೂ ಹಾಗೆಯೇ ಆಗುತ್ತದೆಂಬ ಭರವಸೆ ಇಲ್ಲ. ಹಾಗಾಗಿ ಅಡ್ರಿನಲಿನ್ ನಿಮ್ಮ ಮನೆಯಲ್ಲಿ ಇರಲೇಬೇಕು. ಎಷ್ಟು, ಹೇಗೆ ಎಂಬುದನ್ನು ಮುಂದೆ ಹೇಳುತ್ತೇನೆ.

ಈಗ ನಿಮ್ಮ ಮಾವನ ಮಾತು. ಕರಾವಳಿಯಲ್ಲಿ ಸಿಗಡಿ, ಬದನೆಯಂಥವನ್ನು ನಂಜು ಎನ್ನುವ ರೂಢಿ ಇದೆ. ಹಿಂದಿನವರು ಇವು ಕೆಲವರಿಗೆ ತುರಿಕೆ ತರುವುದನ್ನು ಕಂಡೇ ಹಾಗೆ ಹೇಳಿರಬೇಕು, ಅವರ ಕಣ್ಣು ತಪ್ಪಿರಲಿಲ್ಲ. ಆದರೆ ನಂಜು ಎಂದರೆ ದೋಷ ಪದಾರ್ಥದಲ್ಲಿದೆ, ತಿಂದವರಿಗೆಲ್ಲ ಅಷ್ಟಿಷ್ಟು ತಟ್ಟುತ್ತದೆ ಎಂದಾಗುತ್ತದೆ. ಅಲರ್ಜಿಯಲ್ಲಿ ಅದೇ ಬಾಣಲೆಯ ಸುಕ್ಕ ಹತ್ತು ಜನ ಉಂಡರೂ ಒಬ್ಬನಿಗೆ ಮಾತ್ರ ಹೀಗಾಗುತ್ತದೆ. ಪದಾರ್ಥದಲ್ಲೇ ದೋಷವಿರುವ ಸಂದರ್ಭವೂ ಇದೆ, ಅದು ಬಂಗುಡೆಯದು. ಮಂಜುಗಡ್ಡೆ ಸಾಲದೆ ಬಿಸಿಲಲ್ಲಿ ಉಳಿದ ಬಂಗುಡೆಯಲ್ಲಿ ಬ್ಯಾಕ್ಟೀರಿಯಾಗಳು ಮಾಂಸದೊಳಗಿನ ಹಿಸ್ಟಿಡಿನ್ ಎಂಬ ಅಂಶವನ್ನು ಹಿಸ್ಟಮಿನ್ ಎಂಬ ತುರಿಕೆ ತರುವ ರಾಸಾಯನಿಕವಾಗಿ ಬದಲಿಸುತ್ತವೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ತಿಂದವರಿಗೆ ಮುಖ ಕೆಂಪೇರುತ್ತದೆ, ದದ್ದು ಏಳುತ್ತದೆ, ತಲೆ ಸಿಡಿಯುತ್ತದೆ. ಥೇಟು ಅಲರ್ಜಿಯಂತೆಯೇ ಕಂಡರೂ ಅದು ಮೀನು ಕೆಟ್ಟಿದ್ದರ ಫಲ, ಅದೇ ಮೀನು ತಿಂದ ಮನೆಮಂದಿಗೆಲ್ಲ ಆಗುವುದು ಅದರ ಗುರುತು. ನಿಮ್ಮ ಮನೆಯಲ್ಲಿ ಮಗನೊಬ್ಬನಿಗೇ ಆಯಿತು, ಸಿಗಡಿಯನ್ನು ಹಿಡಿಯುವ ಐಜಿಇ ಎಂಬ ಪ್ರತಿಕಾಯ, ಅಂದರೆ ದೇಹ ರಕ್ಷಣೆಗೆಂದು ತಯಾರಿಸುವ ಪ್ರೋಟೀನು, ಕೂಡ ರಕ್ತದಲ್ಲಿ ಸಿಕ್ಕಿದೆ. ಆದ್ದರಿಂದ ಇದು ಅಲರ್ಜಿಯೇ.

ರಕ್ತ ಕೆಟ್ಟಿದೆಯೇ? ಕೆಟ್ಟಿಲ್ಲ. ಆದರೆ ರಕ್ತದಲ್ಲಿ ಏನೋ ಇದೆ ಎಂಬುದು ನಿಜ. ಅದನ್ನು ಮೊದಲು ತೋರಿಸಿದ ಪ್ರಯೋಗವೂ ಅಡುಗೆಮನೆಗೆ ಹತ್ತಿರದ್ದೇ. 1921ರಲ್ಲಿ ಜರ್ಮನಿಯ ವಿಜ್ಞಾನಿ ಪ್ರಾಸ್ನಿಟ್ಸ್, ಮೀನು ಆಗಿಬಾರದ ತಮ್ಮ ಸಹೋದ್ಯೋಗಿ ಕ್ಯೂಸ್ಟ್ನರ್ ಅವರ ರಕ್ತದ ಸೀರಂ, ಅಂದರೆ ಕಣಗಳನ್ನು ಬೇರ್ಪಡಿಸಿದ ತಿಳಿಭಾಗ, ತೆಗೆದು ತಮ್ಮ ಚರ್ಮದೊಳಗೆ ಚುಚ್ಚಿಕೊಂಡರು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿದಾಗ ಅಲ್ಲಿ ಮಾತ್ರ ದದ್ದು ಎದ್ದಿತು. ಪ್ರಾಸ್ನಿಟ್ಸ್‌ಗೆ ಮೀನಿನಿಂದ ಯಾವ ತೊಂದರೆಯೂ ಇರಲಿಲ್ಲ. ಅಂದರೆ ಅಲರ್ಜಿ ಸೀರಂ ಮೂಲಕ ಒಬ್ಬರಿಂದ ಒಬ್ಬರಿಗೆ ದಾಟಬಲ್ಲುದು. ಆ ಸೀರಂನಲ್ಲಿದ್ದದ್ದು ಯಾವ ಪ್ರತಿಕಾಯ ಎಂದು ಗೊತ್ತಾಗಲು ಇನ್ನೂ 45 ವರ್ಷ ಬೇಕಾಯಿತು. ಅಮೆರಿಕದಲ್ಲಿ ಇಶಿಜಾಕಾ ದಂಪತಿಗಳು, ಸ್ವೀಡನ್ನಿನಲ್ಲಿ ಯೋಹಾನ್ಸನ್ ಮತ್ತು ಬೆನ್ನಿಕ್ ಬೇರೆ ಬೇರೆ ದಾರಿಯಿಂದ ಅದನ್ನು ಮುಟ್ಟಿದರು. 1968ರಲ್ಲಿ ಅದಕ್ಕೆ ಐಜಿಇ ಎಂಬ ಹೆಸರು ಗಟ್ಟಿಯಾಯಿತು. ಇಷ್ಟು ತಡವಾಗಲು ಕಾರಣವಿದೆ. ನಮ್ಮ ಪ್ರತಿಕಾಯಗಳಲ್ಲಿ ಇದು ಅತ್ಯಂತ ಕಡಿಮೆ. ನಿಮ್ಮ ಮಗನ 840 ದೊಡ್ಡ ಸಂಖ್ಯೆಯಂತೆ ಕಂಡರೂ, ಒಂದು ಯೂನಿಟ್ ಎಂದರೆ 2.4 ನ್ಯಾನೋಗ್ರಾಂ ಮಾತ್ರ. ಅವನ ರಕ್ತದಲ್ಲಿ ಐಜಿಜಿ ಎಂಬ ಮಾಮೂಲಿ ಪ್ರತಿಕಾಯ ಇದರ ಸಾವಿರಾರು ಪಟ್ಟು ಇರುತ್ತದೆ. ಐಜಿಇ ಇರುವುದು ಮೂಲತಃ ಹುಳುಗಳಂಥ ಪರೋಪಜೀವಿಗಳನ್ನು ಎದುರಿಸಲು. ಅಲರ್ಜಿಯಲ್ಲಿ ಅದೇ ಆಯುಧ ನಿರುಪದ್ರವಿ ಪ್ರೋಟೀನೊಂದರ ಮೇಲೆ ತಿರುಗುತ್ತದೆ.

ಇಲ್ಲಿಗೆ ಮುಖ್ಯ ಪ್ರಶ್ನೆ ಬಂತು: ಒಂಬತ್ತು ವರ್ಷ ಸುಮ್ಮನಿದ್ದ ದೇಹ ಯಾಕೆ ತಿರುಗಿತು? ನನ್ನ ಉತ್ತರ ಇಷ್ಟು. ಒಂದು ಪ್ರೋಟೀನು ಯಾವುದು ಎಂಬುದರಷ್ಟೇ, ಅದು ಯಾವ ಬಾಗಿಲಿನಿಂದ ಒಳಗೆ ಬಂತು ಎಂಬುದೂ ಮುಖ್ಯ. ಬಾಯಿ ಮತ್ತು ಕರುಳಿನ ಬಾಗಿಲು ಅತಿಥಿಗಳಿಗೆಂದೇ ಇರುವುದು. ಕರುಳಿನ ಒಳಪದರದ ಕಾವಲು ಕೋಶಗಳು ಆಹಾರದ ಚೂರುಗಳನ್ನು ಹಿಡಿದು ಹತ್ತಿರದ ದುಗ್ಧಗ್ರಂಥಿಗೆ ಒಯ್ದಾಗ, ಅಲ್ಲಿ ಸಾಮಾನ್ಯವಾಗಿ ಹುಟ್ಟುವುದು ನಿಯಂತ್ರಕ ಟಿ ಕೋಶಗಳೆಂಬ ಬಿಳಿ ರಕ್ತಕಣಗಳು. ‘ಇದು ನಮ್ಮವರದ್ದೇ, ಬಿಡಿ’ ಎನ್ನುವುದು ಅವುಗಳ ಕೆಲಸ. ನಿಮ್ಮ ಮಗ ಚಿಕ್ಕಂದಿನಲ್ಲಿ ತಿಂದ ಸಿಗಡಿ ಈ ಬಾಗಿಲಿನಿಂದಲೇ ಬಂದು ಒಪ್ಪಿಗೆ ಪಡೆದಿತ್ತು.

ಇನ್ನೊಂದು ಬಾಗಿಲು ಮೂಗಿನದು. ರಾತ್ರಿ ಅವನು ಮುಖ ಒತ್ತಿ ಮಲಗುವ ದಿಂಬನ್ನು ಹತ್ತಿರದಿಂದ ನೋಡೋಣ. ನಮ್ಮ ಚರ್ಮದಿಂದ ಉದುರುವ ಹೊಟ್ಟು ತಿಂದು ಬದುಕುವ ಧೂಳು ನುಸಿ ಅಲ್ಲಿದೆ. ಇದು ಎಂಟು ಕಾಲಿನ ಜೀವಿ. ಉದ್ದ ಸುಮಾರು 0.3 ಮಿಲಿಮೀಟರ್, ಬರಿಗಣ್ಣಿಗೆ ಕಾಣುವುದಿಲ್ಲ. ಇದು ಕಚ್ಚುವುದಿಲ್ಲ. ತೊಂದರೆ ಕೊಡುವುದು ಇದರ ಹಿಕ್ಕೆ ಮತ್ತು ಸತ್ತ ಮೈಯ ಚೂರುಗಳು. ಹಿಕ್ಕೆಯಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವವಿದೆ. ಮಗ್ಗಲು ಬದಲಿಸಿದಾಗ ಎದ್ದ ಧೂಳು ಮೂಗಿನ ಒದ್ದೆ ಪದರಕ್ಕೆ ಅಂಟುತ್ತದೆ. ಅಲ್ಲಿಯ ಜೀವಕೋಶಗಳು ಹೆಂಚಿಗೆ ಹೆಂಚು ಜೋಡಿಸಿದಂತೆ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಈ ಕಿಣ್ವ ಆ ಬೆಸುಗೆಯನ್ನೇ ಕತ್ತರಿಸುತ್ತದೆ. ಪದರಕ್ಕೆ ಪೆಟ್ಟು ಬಿದ್ದ ಕೂಡಲೇ ಅದರ ಕೋಶಗಳು ಅಪಾಯದ ಕೂಗು ಹಾಕುತ್ತವೆ. ಟಿಎಸ್‌ಎಲ್‌ಪಿ, ಐಎಲ್-25, ಐಎಲ್-33 ಎಂಬ ಸಂದೇಶ ಅಣುಗಳೇ ಆ ಕೂಗು.

ಪದರದ ಕೆಳಗೆ ಕವಲು ಕವಲಾಗಿ ಕೈ ಚಾಚಿಕೊಂಡು ಕುಳಿತ ಡೆಂಡ್ರಿಟಿಕ್ ಕೋಶಗಳಿವೆ. ಒಳಗೆ ನುಸುಳಿದ ಪ್ರೋಟೀನನ್ನು ಅವು ನುಂಗಿ, ತುಂಡು ಮಾಡಿ, ಆ ತುಂಡುಗಳನ್ನು ಮೈಮೇಲೆ ಎತ್ತಿ ಹಿಡಿದು ಕತ್ತಿನ ದುಗ್ಧಗ್ರಂಥಿಗೆ ಹೋಗುತ್ತವೆ. ಅಪಾಯದ ಕೂಗು ಕೇಳಿ ಹೋದ ಡೆಂಡ್ರಿಟಿಕ್ ಕೋಶ, ತುಂಡನ್ನು ಗುರುತಿಸುವ ಎಳೆಯ ಟಿ ಕೋಶವನ್ನು ಟಿಎಚ್-2 ಎಂಬ ಬಗೆಗೆ ತಿರುಗಿಸುತ್ತದೆ. ಈ ಬಗೆಯ ಟಿ ಕೋಶಗಳು ಐಎಲ್-4, ಐಎಲ್-13 ಎಂಬ ಸಂದೇಶ ಅಣುಗಳನ್ನು ಸುರಿಸುತ್ತವೆ. ಅದೇ ಪ್ರೋಟೀನನ್ನು ಹಿಡಿದ, ಪ್ರತಿಕಾಯ ತಯಾರಿಸುವ ಬಿ ಕೋಶಕ್ಕೆ ಐಎಲ್-4 ತಾಗಿ, ಜೊತೆಗೆ ಟಿ ಕೋಶದ ನೇರ ಸ್ಪರ್ಶವೂ ಸಿಕ್ಕಿದಾಗ ಬಿ ಕೋಶ ತನ್ನ ಜೀನನ್ನೇ ಕತ್ತರಿಸಿ ಮರುಜೋಡಿಸಿಕೊಳ್ಳುತ್ತದೆ. ಪ್ರತಿಕಾಯದ ಹಿಡಿಯುವ ತುದಿ ಹಾಗೇ ಉಳಿಯುತ್ತದೆ, ಬಾಲ ಮಾತ್ರ ಐಜಿಇಯದಾಗುತ್ತದೆ. ಕತ್ತರಿಸಿದ ಜೀನಿನ ಭಾಗ ಮತ್ತೆ ಸೇರುವುದಿಲ್ಲ, ಆ ಕೋಶ ಹಿಂದಕ್ಕೆ ಬರುವಂತಿಲ್ಲ. ನೆನಪಿನ ಬಿ ಮತ್ತು ಟಿ ಕೋಶಗಳು ವರ್ಷಗಟ್ಟಲೆ ಉಳಿಯುತ್ತವೆ. ಅಲರ್ಜಿ ಅಷ್ಟು ಸುಲಭಕ್ಕೆ ಬಿಟ್ಟುಹೋಗದಿರಲು ಕಾರಣ ಈ ನೆನಪು. ಇಷ್ಟೆಲ್ಲ ನಡೆಯುವಾಗ ಹೊರಗೆ ಏನೂ ಕಾಣುವುದಿಲ್ಲ, ವಾರಗಟ್ಟಲೆ, ತಿಂಗಳುಗಟ್ಟಲೆ ಸದ್ದಿಲ್ಲದ ತಯಾರಿ. ಹಾಗಾಗಿ ‘ಮೊದಲ ಸಲ ತಿಂದಾಗ ಏನೂ ಆಗಲಿಲ್ಲ’ ಎಂಬುದು ಅಲರ್ಜಿ ಅಲ್ಲ ಎಂಬುದಕ್ಕೆ ಸಾಕ್ಷಿಯಾಗದು. ದೇಹ ಮೊದಲು ಕಲಿಯಬೇಕು, ಆಮೇಲೆ ಕೆರಳುತ್ತದೆ.

ನುಸಿಗೂ ಸಿಗಡಿಗೂ ಏನು ಸಂಬಂಧ? ಎರಡೂ ಸಂಧಿಪದಿಗಳು, ಅಂದರೆ ಗೆಣ್ಣುಗಾಲಿನ ಜೀವಿಗಳು, ಬಳಗದ ದೂರದ ನೆಂಟರು. ಎರಡರ ಸ್ನಾಯುವಿನಲ್ಲೂ ಟ್ರೋಪೋಮಯೋಸಿನ್ ಎಂಬ ಪ್ರೋಟೀನು ಇದೆ. ನಾರಿನ ಹಗ್ಗದಂತೆ ಎರಡು ಎಳೆ ಒಂದಕ್ಕೊಂದು ಹೊಸೆದುಕೊಂಡ ಉದ್ದನೆಯ ಅಣು ಅದು. ನುಸಿಯ ಹಗ್ಗಕ್ಕೂ ಸಿಗಡಿಯ ಹಗ್ಗಕ್ಕೂ ಹೋಲಿಕೆ ಎಷ್ಟಿದೆಯೆಂದರೆ, ನುಸಿಯದನ್ನು ಹಿಡಿಯಲು ತಯಾರಾದ ಐಜಿಇ ಸಿಗಡಿಯದನ್ನೂ ಹಿಡಿಯುತ್ತದೆ. ಧರ್ಮದ ಕಟ್ಟಳೆಯಿಂದ ಸಿಗಡಿಯನ್ನು ಬಾಯಿಗೇ ಇಡದ ಯಹೂದಿಗಳ ರಕ್ತದಲ್ಲೂ ಸಿಗಡಿಯ ಐಜಿಇ ಇದ್ದುದನ್ನು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅವರು ನುಸಿಗೆ ಅಲರ್ಜಿ ಇದ್ದವರು. ನಿಮ್ಮ ಮಗನ ವರದಿಯಲ್ಲಿ ನುಸಿ 62, ಸಿಗಡಿ 4.8 ಎಂದಿರುವುದು ಇದೇ ದಾರಿಯನ್ನು ಸೂಚಿಸುತ್ತದೆ. ಬಾಯಿಯ ಬಾಗಿಲಲ್ಲಿ ಒಪ್ಪಿಗೆ ಪಡೆದಿದ್ದ ಪ್ರೋಟೀನಿನ ನೆಂಟ, ಮೂಗಿನ ಬಾಗಿಲು ಮುರಿದು ಒಳಬಂದು ವೈರಿಯೆನಿಸಿಕೊಂಡ. ಖಚಿತಪಡಿಸಿಕೊಳ್ಳಲು ಟ್ರೋಪೋಮಯೋಸಿನ್‌ಗೇ ಐಜಿಇ ಇದೆಯೇ ಎಂದು ನೋಡುವ ಪರೀಕ್ಷೆ ದೊಡ್ಡ ಲ್ಯಾಬ್‌ಗಳಲ್ಲಿ ಸಿಗುತ್ತದೆ. ನುಸಿ ಅಲರ್ಜಿ ಇರುವವರೆಲ್ಲ ಸಿಗಡಿ ಬಿಡಬೇಕೆಂದು ಮಾತ್ರ ಯಾರೂ ತಿಳಿಯಬಾರದು. ಅವರಲ್ಲಿ ಹೆಚ್ಚಿನವರಿಗೆ ನುಸಿಯ ಬೇರೆ ಪ್ರೋಟೀನುಗಳೇ ಶತ್ರು, ಸಿಗಡಿ ಅವರಿಗೆ ಏನೂ ಮಾಡುವುದಿಲ್ಲ.

ಹೊಸೆದ ಹಗ್ಗದ ರಚನೆಯಿಂದ ಇನ್ನೆರಡು ಸಂಗತಿ ತಿಳಿಯುತ್ತವೆ. ಕುದಿಸಿದಾಗ ಅದರ ಎಳೆಗಳು ಬಿಚ್ಚಿಕೊಂಡರೂ ಆರಿದ ಮೇಲೆ ಮತ್ತೆ ಹೊಸೆದುಕೊಳ್ಳುತ್ತವೆ. ಆದ್ದರಿಂದ ಚೆನ್ನಾಗಿ ಬೇಯಿಸಿದರೆ, ಹುರಿದರೆ, ಒಣಗಿಸಿದರೆ ಅಲರ್ಜಿ ಹೋಗುತ್ತದೆ ಎಂಬುದು ಸುಳ್ಳು. ಎರಡನೆಯದು, ಉದ್ದನೆಯ ಅಣುವಾದ್ದರಿಂದ ಅದರ ಮೇಲೆ ಐಜಿಇ ಹಿಡಿಯುವ ಜಾಗಗಳು ಹಲವು. ಇದು ಯಾಕೆ ಮುಖ್ಯ ಎಂದು ಈಗ ನೋಡೋಣ.

ಬಿ ಕೋಶಗಳ ಸಂತಾನ ಸುರಿಸಿದ ಐಜಿಇ ರಕ್ತದಲ್ಲಿ ಸುಮಾರು ಎರಡು ದಿನದಲ್ಲಿ ಅರ್ಧಕ್ಕಿಳಿಯುತ್ತದೆ. ಆದರೆ ಅದು ಹೋಗಿ ಕೂರುವ ಜಾಗ ಮಾಸ್ಟ್ ಕೋಶ. ಅಲ್ಲಿ ಬಾಲ ಊರಿ ಕುಳಿತರೆ ವಾರಗಟ್ಟಲೆ ಉಳಿಯುತ್ತದೆ. ಚರ್ಮ, ಮೂಗು, ಶ್ವಾಸನಾಳ, ಕರುಳು, ಎಲ್ಲೆಲ್ಲಿ ಹೊರಗಿನ ಲೋಕ ದೇಹವನ್ನು ಮುಟ್ಟುತ್ತದೋ ಅಲ್ಲೆಲ್ಲ ರಕ್ತನಾಳಗಳ ಪಕ್ಕದಲ್ಲಿ ಮಾಸ್ಟ್ ಕೋಶಗಳಿವೆ. ಒಳಗೆ ಕಾಳು ತುಂಬಿದ ಚೀಲದಂತೆ ಕಾಣುವ ಇವನ್ನು 1878ರಲ್ಲಿ ವಿವರಿಸಿ ಹೆಸರಿಟ್ಟವರು ಪಾಲ್ ಎರ್ಲಿಕ್. ಆ ಕಾಳುಗಳಲ್ಲಿ ಹಿಸ್ಟಮಿನ್, ಟ್ರಿಪ್ಟೇಸ್ ಎಂಬ ಕಿಣ್ವ ಇತ್ಯಾದಿ ತಯಾರಾಗಿಯೇ ಇರುತ್ತವೆ.

ಒಂಟಿ ಐಜಿಇಗೆ ಪ್ರೋಟೀನು ಅಂಟಿದರೆ ಏನೂ ಆಗುವುದಿಲ್ಲ. ಅಕ್ಕಪಕ್ಕದ ಎರಡು ಐಜಿಇಗಳನ್ನು ಒಂದೇ ಅಣು ಒಟ್ಟಿಗೆ ಹಿಡಿದು ಸೇತುವೆ ಕಟ್ಟಿದಾಗ ಮಾತ್ರ ಕೋಶಕ್ಕೆ ಆಜ್ಞೆ ಸಿಗುತ್ತದೆ. ಹಲವು ಹಿಡಿಕೆಗಳಿರುವ ಉದ್ದನೆಯ ಟ್ರೋಪೋಮಯೋಸಿನ್‌ಗೆ ಇದು ಸಲೀಸು. ಸೇತುವೆಯಾದ ಕ್ಷಣಗಳಲ್ಲಿ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ಕಾಳುಗಳು ಹೊರಪೊರೆಗೆ ಬಂದು ಒಡೆಯುತ್ತವೆ. ಹಿಸ್ಟಮಿನ್ ತಾಗಿದ ಸಣ್ಣ ರಕ್ತನಾಳಗಳ ಗೋಡೆಯ ಕೋಶಗಳು ಒಂದಕ್ಕೊಂದು ಸರಿದು ಸಂದು ಬಿಡುತ್ತವೆ. ಆ ಸಂದಿನಲ್ಲಿ ನೀರು ಚರ್ಮದೊಳಗೆ ಸೋರುತ್ತದೆ. ಮೈಮೇಲಿನ ದದ್ದು, ತುಟಿಯ ಊತ ಎಂದರೆ ಹೀಗೆ ಸೋರಿದ ನೀರು. ನರದ ತುದಿಗೆ ತಾಗಿದರೆ ತುರಿಕೆ, ಹೊಟ್ಟೆಯ ಸ್ನಾಯುವಿಗೆ ತಾಗಿದರೆ ನುಲಿತ, ವಾಂತಿ, ಗಂಟಲ ಪದರ ಊದಿದರೆ ಗೊಗ್ಗರು ದನಿ. ಕೆಲವೇ ನಿಮಿಷದಲ್ಲಿ ಅದೇ ಕೋಶಗಳು ಲ್ಯೂಕೋಟ್ರೀನ್, ಪ್ರೋಸ್ಟಾಗ್ಲಾಂಡಿನ್ ಎಂಬ ಹೊಸ ರಾಸಾಯನಿಕಗಳನ್ನೂ ತಯಾರಿಸುತ್ತವೆ, ಇವು ಶ್ವಾಸನಾಳವನ್ನು ಬಿಗಿಯುತ್ತವೆ. ಸಿಟ್ರಿಜಿನ್‌ನಂಥ ಮಾತ್ರೆ ಹಿಸ್ಟಮಿನ್‌ಗೆ ಅಡ್ಡ ನಿಲ್ಲುತ್ತದೆ, ಲ್ಯೂಕೋಟ್ರೀನ್‌ಗೆ ನಿಲ್ಲುವುದಿಲ್ಲ. ತೀವ್ರ ಅನಾಫಿಲ್ಯಾಕ್ಸಿಸ್‌ನಲ್ಲಿ ಹತ್ತು ನಿಮಿಷದೊಳಗೆ ರಕ್ತನಾಳಗಳಲ್ಲಿನ ದ್ರವದ ಸುಮಾರು ಮೂರನೇ ಒಂದು ಭಾಗ ಹೊರಗೆ ಸೋರಿಹೋಗಬಹುದು. ಅಡ್ರಿನಲಿನ್ ಸೋರುವ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ, ಶ್ವಾಸನಾಳವನ್ನು ತೆರೆಯುತ್ತದೆ, ಮಾಸ್ಟ್ ಕೋಶಗಳು ಇನ್ನಷ್ಟು ಒಡೆಯುವುದನ್ನೂ ತಡೆಯುತ್ತದೆ. ಈ ಮೂರೂ ಕೆಲಸ ಮಾಡುವ ಇನ್ನೊಂದು ಔಷಧಿ ಇಲ್ಲ.

ಅವತ್ತೇ ಯಾಕೆ ಆಯಿತು ಎಂಬುದಕ್ಕೂ ಪತ್ರದಲ್ಲಿ ಸುಳಿವಿದೆ: ಉಂಡವನೇ ಓಡಿದ. ಊಟದ ಹಿಂದೆಯೇ ಜೋರು ಆಟ, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ, ಜ್ವರ, ದೊಡ್ಡವರಲ್ಲಿ ಮದ್ಯ, ಇವು ಅಲರ್ಜಿಯ ಹೊಸ್ತಿಲನ್ನು ತಗ್ಗಿಸುತ್ತವೆ. ಕರುಳಿನಿಂದ ಪ್ರೋಟೀನು ಹೆಚ್ಚಾಗಿ, ಬೇಗ ರಕ್ತಕ್ಕೆ ಸೇರುವುದು ಒಂದು ಕಾರಣ. ಹಿಂದೆ ಯಾವಾಗಲಾದರೂ ಸಿಗಡಿ ತಿಂದಾಗ ತುಟಿ ತುರಿಸಿತ್ತೇ, ಗಂಟಲು ಕೆರೆದಿತ್ತೇ ಎಂದು ಅವನನ್ನೇ ಕೇಳಿ. ಮಕ್ಕಳು ಇಂಥದ್ದನ್ನು ಖಾರ ಎಂದುಕೊಂಡು ಸುಮ್ಮನಿರುತ್ತಾರೆ. ಓಡದಿದ್ದರೆ ತಿನ್ನಬಹುದು ಎಂದು ಲೆಕ್ಕ ಹಾಕಬೇಡಿ, ಮುಂದಿನ ಸಲ ಹೊಸ್ತಿಲು ತಗ್ಗಿಸುವುದು ನಿಮಗೆ ಗೊತ್ತಿಲ್ಲದ ಜ್ವರವಿರಬಹುದು.

ಇಮ್ಯುನಿಟಿ ಕಡಿಮೆ ಎಂಬ ಮಾತು ಪೂರ್ತಿ ತಲೆಕೆಳಗು. ಮೇಲೆ ಹೇಳಿದ ಒಂದೊಂದು ಹೆಜ್ಜೆಗೂ ಬಲವಾದ ರೋಗನಿರೋಧಕ ವ್ಯವಸ್ಥೆಯೇ ಬೇಕು. ಅವನ ವ್ಯವಸ್ಥೆ ಸೋತಿಲ್ಲ, ಗುರಿ ತಪ್ಪಿದೆ. ಇಮ್ಯುನಿಟಿ ಹೆಚ್ಚಿಸುವ ಪುಡಿ, ಲೇಹ್ಯಗಳಿಂದ ಇದಕ್ಕೆ ಉಪಯೋಗವಿಲ್ಲ. ಅಯೋಡಿನ್‌ನಿಂದ ಹೀಗಾಗುತ್ತದೆ ಎಂಬುದೂ ತಪ್ಪು. ಮುಂದೆಂದಾದರೂ ಸ್ಕ್ಯಾನಿಂಗ್‌ಗೆ ಕಾಂಟ್ರಾಸ್ಟ್ ಎಂಬ ಅಯೋಡಿನ್ ಇರುವ ಔಷಧಿ ಕೊಡುವಾಗ ಸಿಗಡಿ ಅಲರ್ಜಿಯ ಕಾರಣಕ್ಕೆ ಹೆದರಬೇಕಾಗಿಲ್ಲ. ದದ್ದು ಮಾತ್ರ ಇದ್ದಾಗ ಪುನರ್ಪುಳಿ ನೀರು ಕುಡಿಸುವುದಕ್ಕೆ ನನ್ನ ಆಕ್ಷೇಪವಿಲ್ಲ. ದನಿ ಬದಲಾಗಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ.

ನಾದಿನಿಯ ಸಲಹೆಯಂತೆ ಮನೆಯಲ್ಲಿ ಚೂರು ಚೂರು ಕೊಡುವುದು ಬೇಡವೇ ಬೇಡ. ಆ ವಿಚಾರದ ಹಿಂದೆ ಒಂದು ನಿಜವಿದೆ. ಅಳತೆ ಮಾಡಿದ ಅತಿ ಸಣ್ಣ ಪ್ರಮಾಣದಿಂದ ಶುರುಮಾಡಿ ತಿಂಗಳುಗಟ್ಟಲೆ ಏರಿಸುವ ಚಿಕಿತ್ಸೆ ಕಡಲೆಕಾಯಿ, ಹಾಲು, ಮೊಟ್ಟೆಗೆ ಪರಿಣತ ಕೇಂದ್ರಗಳಲ್ಲಿ ನಡೆಯುತ್ತದೆ. ಅಲ್ಲಿಯೂ ಅನಾಫಿಲ್ಯಾಕ್ಸಿಸ್ ಆಗುವುದುಂಟು, ಪಕ್ಕದಲ್ಲೇ ಅದನ್ನು ನಿಭಾಯಿಸುವವರು ಇರುತ್ತಾರೆ. ಸಿಗಡಿಗೆ ಅದು ಇನ್ನೂ ರೂಢಿಯ ಚಿಕಿತ್ಸೆಯಾಗಿಲ್ಲ. ಅಡುಗೆಮನೆಯ ‘ಒಂದು ಚೂರು’ ಇವತ್ತು ಎಷ್ಟು, ನಾಳೆ ಎಷ್ಟು ಎಂದು ಯಾರಿಗೂ ಗೊತ್ತಿರುವುದಿಲ್ಲ.

ಹಾಗಾದರೆ ಏನೇನು ಮಾಡಬೇಕು? ಬಿಡಬೇಕಾದದ್ದು ಸಿಗಡಿ, ಏಡಿ, ಲಾಬ್‌ಸ್ಟರ್. ಮರುವಾಯಿ ಎಂಬ ಚಿಪ್ಪಿನ ಜೀವಿ, ಬೊಂಡಾಸ್ ಅಂದರೆ ಸ್ಕ್ವಿಡ್, ಇವುಗಳಲ್ಲಿರುವ ಟ್ರೋಪೋಮಯೋಸಿನ್ ಸ್ವಲ್ಪ ಬೇರೆ, ಕೆಲವರಿಗೆ ಮಾತ್ರ ತೊಂದರೆ ಕೊಡುತ್ತದೆ. ಪರೀಕ್ಷೆಯಾಗುವವರೆಗೆ ಅವೂ ಬೇಡ. ಮೀನಿನ ಮುಖ್ಯ ಅಲರ್ಜಿ ಪ್ರೋಟೀನು ಪಾರ್ವಾಲ್ಬುಮಿನ್, ಅದು ಪೂರ್ತಿ ಬೇರೆ. ಬಂಗುಡೆ, ಅಂಜಲ್ ತಿಂದು ಆರಾಮಾಗಿದ್ದಾನೆಂದರೆ ಮೀನು ನಿಲ್ಲಿಸಬೇಡಿ. ಸುಮ್ಮನೆ ಬಿಡಿಸಿದ ಆಹಾರಕ್ಕೆ ಒಪ್ಪಿಗೆ ಕಳೆದುಹೋಗುವುದೂ ಉಂಟು. ಆದರೆ ಸಿಗಡಿ ಕರಿದ ಎಣ್ಣೆಯಲ್ಲೇ ಕರಿದ ಮೀನು ಬೇಡ. ಸಿಗಡಿ ಬೇಯುವಾಗ ಏಳುವ ಆವಿಯಲ್ಲೂ ಪ್ರೋಟೀನು ಇರುತ್ತದೆ, ಅವನು ಆಗ ಒಲೆಯ ಹತ್ತಿರ ಇರಬಾರದು. ಊರಿನ ಒಣ ಸಿಗಡಿ ಚಟ್ನಿ, ಹೋಟೆಲಿನ ಥಾಯ್ ಕರಿ ಪೇಸ್ಟ್, ಪ್ರಾನ್ ಕ್ರ್ಯಾಕರ್ ಇವು ಸಾಮಾನ್ಯವಾಗಿ ಕಣ್ತಪ್ಪುವ ಜಾಗಗಳು.

ಅಡ್ರಿನಲಿನ್ ಲೆಕ್ಕ ಹೀಗೆ: ಕಿಲೋ ತೂಕಕ್ಕೆ 0.01 ಮಿಲಿಗ್ರಾಂ. ಒಂದು ಎಂ.ಎಲ್.ನಲ್ಲಿ ಒಂದು ಮಿಲಿಗ್ರಾಂ ಇರುವ ಆಂಪೂಲ್‌ನಿಂದ ನಿಮ್ಮ ಮಗನಿಗೆ 0.25 ಎಂ.ಎಲ್. ತಾನಾಗಿ ಚುಚ್ಚುವ ಪೆನ್ನು ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ನಿಮ್ಮ ವೈದ್ಯರಿಂದ ಚೀಟಿ ಬರೆಸಿ, ಎರಡು ಆಂಪೂಲ್, ಒಂದು ಎಂ.ಎಲ್.ನ ಸಿರಿಂಜು, ಒಂದಿಂಚಿನ ಸೂಜಿ ಒಂದು ಡಬ್ಬಿಯಲ್ಲಿಟ್ಟು, ಆಂಪೂಲ್ ಒಡೆದು ಔಷಧಿ ಎಳೆಯುವುದನ್ನು ಅವರ ಎದುರೇ ನಾಲ್ಕು ಸಲ ಮಾಡಿ ಕಲಿಯಿರಿ. ಇನ್ಸುಲಿನ್ ಸಿರಿಂಜು ಬೇಡ. ಅದರ ಗುರುತುಗಳು ಯೂನಿಟ್‌ನಲ್ಲಿರುತ್ತವೆ, ಸೂಜಿಯೂ ಸ್ನಾಯುವಿಗೆ ಮುಟ್ಟುವಷ್ಟು ಉದ್ದವಿಲ್ಲ. ಡಬ್ಬಿ ಬಿಸಿಲಿಗೆ ಬೀಳದಿರಲಿ, ನಿಂತ ಕಾರಿನೊಳಗೆ ಬಿಡಬೇಡಿ, ಮುಗಿಯುವ ತಾರೀಖು ಮುಚ್ಚಳದ ಮೇಲೆ ಬರೆದಿಡಿ.

ಬರೀ ದದ್ದು, ತುರಿಕೆಯಾದರೆ ವೈದ್ಯರು ಬರೆದ ಸಿಟ್ರಿಜಿನ್ ಕೊಟ್ಟು ಕಣ್ಣಿಟ್ಟು ಕಾಯಿರಿ. ಉಸಿರು ಕಟ್ಟುವುದು, ಗೊಗ್ಗರು ದನಿ, ತಲೆ ಸುತ್ತು, ಇಲ್ಲವೇ ದದ್ದಿನ ಜೊತೆ ಮತ್ತೆ ಮತ್ತೆ ವಾಂತಿ, ಇವುಗಳಲ್ಲಿ ಒಂದು ಕಂಡರೂ ತೊಡೆಯ ಹೊರಬದಿಯ ನಡುಭಾಗಕ್ಕೆ ಅಡ್ರಿನಲಿನ್ ಚುಚ್ಚಿ 108ಕ್ಕೆ ಕರೆ ಮಾಡಿ. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಮ್ಮೆ. ಅವನನ್ನು ಅಂಗಾತ ಮಲಗಿಸಿ ಕಾಲು ಎತ್ತರಕ್ಕೆ ಇಡಿ, ವಾಂತಿಯಾಗುತ್ತಿದ್ದರೆ ಮಗ್ಗುಲಿಗೆ, ಉಸಿರು ಕಷ್ಟವಾದರೆ ಕಾಲು ಚಾಚಿ ಕೂರಿಸಿ. ವಾಹನದವರೆಗೆ ನಡೆಸಿಕೊಂಡು ಹೋಗಬೇಡಿ. ಸೋರಿ ಕಡಿಮೆಯಾದ ರಕ್ತ ನಿಂತಾಗ ಕಾಲಿಗಿಳಿದು ಹೃದಯಕ್ಕೆ ಸಾಲದೆ ಹೋಗುತ್ತದೆ. ಗಂಟೆಗಳ ನಂತರ ಎರಡನೇ ಅಲೆ ಬರುವುದುಂಟು, ಆದ್ದರಿಂದ ಸರಿಹೋದರೂ ಆಸ್ಪತ್ರೆಯಲ್ಲಿ ಕನಿಷ್ಠ ಆರು ಗಂಟೆ ಇರಲಿ. ಅಲ್ಲಿ ಒಂದರಿಂದ ನಾಲ್ಕು ಗಂಟೆಯೊಳಗೆ ಟ್ರಿಪ್ಟೇಸ್‌ಗೆ ರಕ್ತ ತೆಗೆಸಿ, ಒಡೆದದ್ದು ಮಾಸ್ಟ್ ಕೋಶಗಳೇ ಎಂಬುದಕ್ಕೆ ಅದು ಪುರಾವೆ.

ಇದು ಹೋಗುತ್ತದೆಯೇ? ಹಾಲು, ಮೊಟ್ಟೆಯ ಅಲರ್ಜಿಯನ್ನು ಮಕ್ಕಳು ಬಹುಮಟ್ಟಿಗೆ ದಾಟಿ ಬೆಳೆಯುತ್ತಾರೆ, ಸಿಗಡಿಯದು ಹೆಚ್ಚಿನವರಲ್ಲಿ ಉಳಿಯುತ್ತದೆ. ವರ್ಷಕ್ಕೋ ಎರಡು ವರ್ಷಕ್ಕೋ ಐಜಿಇ ಅಳೆಸಿ, ಇಳಿದಿದ್ದರೆ ಆಸ್ಪತ್ರೆಯಲ್ಲಿ ತಿನ್ನಿಸಿ ನೋಡುವ ಪರೀಕ್ಷೆ ಮಾಡಿಸಬಹುದು. 4.8 ಎಂಬುದು ಅಲರ್ಜಿ ಇರುವ ಸಂಭವವನ್ನು ಹೇಳುತ್ತದೆ, ಎಷ್ಟು ತೀವ್ರ ಎಂಬುದನ್ನಲ್ಲ. ಕಡಿಮೆ ಸಂಖ್ಯೆಯವರಿಗೂ ಜೋರಾಗಿ ಬರುವುದುಂಟು, ನಿಮ್ಮ ಮಗನೇ ಉದಾಹರಣೆ. ನೂರಿನ್ನೂರು ಆಹಾರಗಳಿಗೆ ಐಜಿಜಿ ನೋಡುವ ದುಬಾರಿ ಪ್ಯಾಕೇಜು ಮಾಡಿಸಲು ಯಾರಾದರೂ ಹೇಳಿದರೆ ಒಪ್ಪಬೇಡಿ. ಐಜಿಜಿ ತೋರಿಸುವುದು ಅವನು ಏನು ತಿನ್ನುತ್ತಾನೆ ಎಂಬುದನ್ನು ಮಾತ್ರ.

ನುಸಿಯ ಕಡೆಗೆ ಮಾಡಬಹುದಾದದ್ದು ಹೆಚ್ಚು. ಹಾಸಿಗೆ, ದಿಂಬಿಗೆ ಒತ್ತಾದ ನೇಯ್ಗೆಯ ಜಿಪ್ ಕವರ್ ಹಾಕಿ. ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ, ತಣ್ಣೀರಿಗೆ ನುಸಿ ಸಾಯುವುದಿಲ್ಲ. ವೈದ್ಯರು ಮೂಗಿಗೆ ಸ್ಟೀರಾಯ್ಡ್ ಸ್ಪ್ರೇ ಬರೆದರೆ ಅದನ್ನು ಮೂಗಿನ ನಡುಗೋಡೆಗೆ ಹೊಡೆಯದೆ ಹೊರಬದಿಗೆ ತಿರುಗಿಸಿ, ಬಿಡದೆ ಹಾಕಬೇಕು. ಅವನಿಗೆ ಉಬ್ಬಸ ಇದೆಯೇ ಎಂದು ಪರೀಕ್ಷಿಸಿ. ಹತೋಟಿಯಲ್ಲಿಲ್ಲದ ಉಬ್ಬಸ ಇದ್ದವರಲ್ಲೇ ಆಹಾರದ ಅಲರ್ಜಿ ಪ್ರಾಣಕ್ಕೆ ಬರುವುದು ಹೆಚ್ಚು. ನುಸಿಗೆ ಮೂರರಿಂದ ಐದು ವರ್ಷ ಕೊಡುವ ಅಲರ್ಜಿ ಚುಚ್ಚುಮದ್ದು ಅಥವಾ ನಾಲಿಗೆಯಡಿಯ ಹನಿ ಒಂದು ಆಯ್ಕೆ. ಅದು ನಿಯಂತ್ರಕ ಟಿ ಕೋಶಗಳನ್ನು ಬೆಳೆಸುತ್ತದೆ, ಪ್ರೋಟೀನನ್ನು ಐಜಿಇಗಿಂತ ಮೊದಲೇ ಹಿಡಿದು ಬಿಡುವ ಐಜಿಜಿ-4 ಹುಟ್ಟಿಸುತ್ತದೆ. ಸೀನು, ಉಬ್ಬಸಕ್ಕೆ ಇದರಿಂದ ಲಾಭವಿದೆ. ಸಿಗಡಿ ತಿನ್ನಲು ಇದು ಪರವಾನಗಿಯಲ್ಲ, ಶುರುಮಾಡುವ ಮೊದಲು ಸಿಗಡಿಯ ವಿಷಯ ವೈದ್ಯರಿಗೆ ತಪ್ಪದೆ ಹೇಳಿ. ಐಜಿಇಯನ್ನೇ ಹಿಡಿಯುವ ಒಮಾಲಿಜುಮಾಬ್ ಎಂಬ ಇಂಜೆಕ್ಷನ್‌ಗೆ 2024ರಲ್ಲಿ ಅಮೆರಿಕದಲ್ಲಿ ಆಹಾರ ಅಲರ್ಜಿಗೂ ಒಪ್ಪಿಗೆ ಸಿಕ್ಕಿದೆ. ಕಣ್ತಪ್ಪಿ ತಿಂದಾಗ ಆಗುವ ಅನಾಹುತವನ್ನು ಅದು ತಗ್ಗಿಸುತ್ತದೆ, ಅಲರ್ಜಿಯನ್ನು ಅಳಿಸುವುದಿಲ್ಲ, ಬೆಲೆಯೂ ಬಹಳ. ಒಂದೇ ಆಹಾರದ ಅಲರ್ಜಿ ಇರುವ ನಿಮ್ಮ ಮಗನಿಗೆ ಈಗ ಅದರ ಅಗತ್ಯ ನನಗೆ ಕಾಣುವುದಿಲ್ಲ.

ಮಗಳ ವಿಷಯದಲ್ಲಿ ಬಾಗಿಲಿನ ಮಾತು ಇನ್ನೂ ಮುಖ್ಯ. ಇಸುಬಿನಿಂದ ಬಿರಿದ ಚರ್ಮವೂ ಮುರಿದ ಬಾಗಿಲೇ. ಹೊಟ್ಟೆಗೆ ಹೋಗುವ ಮೊದಲು ಆಹಾರದ ಪ್ರೋಟೀನು ಆ ಚರ್ಮದಿಂದ ಒಳಗೆ ಹೋದರೆ ದೇಹ ಅದನ್ನು ವೈರಿಯೆಂದು ಕಲಿಯುವ ಸಂಭವ ಹೆಚ್ಚು. 2015ರಲ್ಲಿ ಲಂಡನ್ನಿನಿಂದ ಪ್ರಕಟವಾದ ಅಧ್ಯಯನದಲ್ಲಿ ತೀವ್ರ ಇಸುಬು ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಶಿಶುಗಳಿದ್ದರು. ಚರ್ಮ ಪರೀಕ್ಷೆಯಲ್ಲಿ ಕಡಲೆಕಾಯಿಗೆ ಏನೂ ಕಾಣದಿದ್ದ ಮಕ್ಕಳಲ್ಲಿ, ಕಡಲೆಕಾಯಿ ತಿನ್ನಿಸದೆ ಬೆಳೆಸಿದವರ ಪೈಕಿ ಐದನೇ ವರ್ಷಕ್ಕೆ ನೂರಕ್ಕೆ 13.7 ಮಕ್ಕಳಿಗೆ ಅಲರ್ಜಿ ಬಂತು, ಚಿಕ್ಕಂದಿನಿಂದಲೇ ತಿನ್ನಿಸಿದವರಲ್ಲಿ 1.9 ಮಕ್ಕಳಿಗೆ ಮಾತ್ರ. ಆದ್ದರಿಂದ ಅಣ್ಣನಿಗಾಯಿತೆಂದು ಮಗಳಿಗೆ ಮೊಟ್ಟೆ, ಕಡಲೆಕಾಯಿ, ಮೀನು ಮುಂದೂಡಬೇಡಿ. ಇಸುಬು ಜೋರಿದ್ದರೆ ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ. ಕಡಲೆಕಾಯಿಯನ್ನು ನುಣ್ಣಗೆ ಪುಡಿಮಾಡಿ ರಾಗಿ ಸರಿಯಲ್ಲಿ ಕಲಸಿ ಕೊಡಿ, ಇಡೀ ಬೀಜ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಸಿಗಡಿಗೆ ಇಷ್ಟು ಗಟ್ಟಿ ಪುರಾವೆ ಇಲ್ಲ, ಅವಳಿಗೆಂದು ಮನೆಗೆ ತರಬೇಕಾಗಿಲ್ಲ. ಚರ್ಮಕ್ಕೆ ದಿನಕ್ಕೆ ಎರಡು ಮೂರು ಸಲ ಮಾಯಿಶ್ಚರೈಸರ್ ಹಚ್ಚಿ, ಹಚ್ಚುವ ಮೊದಲು ಅಡುಗೆಯ ಕೈಯನ್ನು ಸೋಪಿನಲ್ಲಿ ತೊಳೆಯಿರಿ.

ಇನ್ನು ಮಗನ ಚರ್ಮ ಪರೀಕ್ಷೆ. ಮೇ ತಿಂಗಳ ಘಟನೆಯಿಂದ ಆರು ವಾರ ಕಳೆದ ಮೇಲೆ ಮಾಡಿಸಿ, ಅದಕ್ಕೂ ಮುಂಚೆ ಮಾಡಿದರೆ ಬರಿದಾದ ಮಾಸ್ಟ್ ಕೋಶಗಳಿಂದ ತಪ್ಪು ಉತ್ತರ ಬರಬಹುದು. ಪರೀಕ್ಷೆಗೆ ಏಳು ದಿನ ಮೊದಲೇ ಸಿಟ್ರಿಜಿನ್ ನಿಲ್ಲಿಸಿ, ನೆಗಡಿಯ ಸಿರಪ್ ಕೂಡ ಬೇಡ, ಅದರಲ್ಲೂ ಅದೇ ಬಗೆಯ ಔಷಧಿ ಇರುತ್ತದೆ. ಮೂಗಿನ ಸ್ಟೀರಾಯ್ಡ್ ಸ್ಪ್ರೇ ಮುಂದುವರಿಸಬಹುದು. ಮುಂಗೈ ಮೇಲೆ ಹನಿ ಇಟ್ಟು ಚುಚ್ಚಿ ಹದಿನೈದು ನಿಮಿಷಕ್ಕೆ ನೋಡುತ್ತಾರೆ. ಬರೀ ಉಪ್ಪುನೀರಿನ ಹನಿ ಎಬ್ಬಿಸಿದ್ದಕ್ಕಿಂತ 3 ಮಿಲಿಮೀಟರ್ ದೊಡ್ಡ ದದ್ದು ಎದ್ದರೆ ಪಾಸಿಟಿವ್. ಅಂಗಡಿಯ ಸಾರದಲ್ಲಿ ನಿಮ್ಮೂರಿನ ಜಾತಿಯ ಸಿಗಡಿ ಇಲ್ಲದಿರಬಹುದು. ಆದ್ದರಿಂದ ಮೊದಲೇ ವೈದ್ಯರನ್ನು ಕೇಳಿಕೊಂಡು, ಹಸಿ ಸಿಗಡಿ ಒಂದು, ಬೇಯಿಸಿದ್ದು ಒಂದು, ಹಾಗೆಯೇ ಮರುವಾಯಿ, ಬೊಂಡಾಸ್‌ನ ಬೇಯಿಸಿದ ತುಂಡು, ಇಷ್ಟನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಮಂಜುಗಡ್ಡೆಯ ಮೇಲಿಟ್ಟು ಒಯ್ಯಿರಿ. ಡಬ್ಬಿಗಳನ್ನು ತುಂಬುವಾಗ ಮಗ ಅಡುಗೆಮನೆಯಲ್ಲಿ ಇರದಿರಲಿ.